ಆರೋಗ್ಯಮಾತೆಯ ಯಾತ್ರೆಯೂ ನಮ್ಮ ಕೂಡುಬಾಳೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಜನಕ್ಕೆ ಯಾತ್ರೆಯೆಂಬುದು ಹೊಸ ಮಾತಲ್ಲ. ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗುವವರು ನಮ್ಮಲ್ಲಿದ್ದಾರೆ; ಯುಗಾದಿಗೆ ಮುಂಚೆ ಕಂಬಿ ಹೊತ್ತು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಸಾಗುವ ಮಲ್ಲಯ್ಯನ ಭಕ್ತರೂ ಇದ್ದಾರೆ. ಆದರೆ ಈ ಸೀಮೆಯ ಕಥೋಲಿಕ ಕ್ರೈಸ್ತರಾದ ನಾವೂ ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಹೊರಡುತ್ತೇವೆಂದರೆ ಸಹಪಾಠಿಗಳು ಬೆರಗಾಗುತ್ತಾರೆ. “ನಿಮ್ಮೊಳಗೂ ಜಾತ್ರಿ ಐತೇನೋ?” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನನ್ನ ಅಲ್ಪಮತಿಗೆ ತಿಳಿದಂತೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಒಬ್ಬ ಗುರುಗಳ ಪಾಲನೆಗೆ ಒಳಪಟ್ಟ ಕ್ರೈಸ್ತರ ಸಮೂಹಕ್ಕೆ ಧರ್ಮಕೇಂದ್ರವೆಂದು ಹೆಸರು. ಅದು ಕೇವಲ ಚರ್ಚಿನ ಕಟ್ಟಡವಲ್ಲ. 1983ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯೇ ಅದನ್ನು ವಿಶ್ವಾಸಿಗಳ ಒಂದು ಸಮುದಾಯವೆಂದು ಕರೆದಿದೆ. ಇಂಥ ಹಲವು ಕೇಂದ್ರಗಳು ಸೇರಿ ಒಬ್ಬ ಧರ್ಮಾಧ್ಯಕ್ಷರ ಧರ್ಮಕ್ಷೇತ್ರವಾಗುತ್ತದೆ. ನಮ್ಮ ಜಿಲ್ಲೆ 2005ರಲ್ಲಿ ರಚನೆಯಾದ ಗುಲಬರ್ಗಾ ಧರ್ಮಕ್ಷೇತ್ರಕ್ಕೆ ಸೇರಿದೆ. ಈ ಭಾಗಕ್ಕೆ ಕ್ರೈಸ್ತಧರ್ಮ ನಿನ್ನೆ ಮೊನ್ನೆ ಬಂದುದಲ್ಲ. ಕೃಷ್ಣೆಯನ್ನು ದಾಟಿ ಹೋದರೆ ಸಿಗುವ ಮುದಗಲ್ಲಿನಲ್ಲಿ 16ನೆಯ ಶತಮಾನದಲ್ಲಿಯೇ ಗೋವೆಯ ಕಡೆಯಿಂದ ಬಂದ ಪಾದ್ರಿಗಳು ನೆಲೆಯೂರಿದ್ದರು. ಆದರೂ ನಾವು ಸಂಖ್ಯೆಯಲ್ಲಿ ಕೆಲವರೇ. ಈ ಹಳ್ಳಿಯಲ್ಲಿ ಎರಡು ಮನೆ, ಆ ಹಳ್ಳಿಯಲ್ಲಿ ಮೂರು ಮನೆ. ಬಸ್ಸಿನ ಅನುಕೂಲವಿಲ್ಲದ ಆದಿತ್ಯವಾರ ಎಲ್ಲರೂ ಬಲಿಪೂಜೆಗೆ ಕೂಡುವುದೇ ಕಷ್ಟ. ಹೀಗಿರುವಾಗ ಕಾಗದದ ಮೇಲಿನ ಸಮುದಾಯ ನಿಜವಾದ ಸಮುದಾಯವಾಗುವುದು ಹೇಗೆ? ನನ್ನ ಅನುಭವದಲ್ಲಿ ಅದು ಯಾತ್ರೆಯಿಂದಲೇ ಆಗುತ್ತದೆ.

ನಾವು ಹೋಗುವುದು ದಾವಣಗೆರೆ ಜಿಲ್ಲೆಯ ಹರಿಹರಕ್ಕೆ. ಹರಿ ಮತ್ತು ಹರ ಒಂದೇ ಮೂರ್ತಿಯಲ್ಲಿ ನಿಂತ ಹೊಯ್ಸಳರ ಕಾಲದ ಗುಡಿಯುಳ್ಳ ಊರದು. ಅದೇ ತುಂಗಭದ್ರೆಯ ತೀರದ ಊರಿನಲ್ಲಿ ಆರೋಗ್ಯಮಾತೆಯ ಪುಣ್ಯಕ್ಷೇತ್ರವಿದೆ. 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಅದಕ್ಕೆ ‘ಕಿರಿಯ ಬೆಸಿಲಿಕಾ’ ಎಂಬ ಗೌರವವನ್ನು ಕೊಟ್ಟರು. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯಕ್ಕೆ 1973ರಲ್ಲಿ ದೊರೆತುದೂ ಇದೇ ಗೌರವ. ಡಿಸೆಂಬರ್ 8ರಂದು ಮಾತೆ ಮರಿಯಮ್ಮನ ಗರ್ಭಧಾರಣೆಯ ಹಬ್ಬ. ಅಲ್ಲಿಂದ ಒಂಬತ್ತು ತಿಂಗಳಿಗೆ, ಸೆಪ್ಟೆಂಬರ್ 8ರಂದು, ಆಕೆಯ ಜನ್ಮದಿನದ ಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ವಿಶೇಷ ಪ್ರಾರ್ಥನೆ ನಡೆಯುತ್ತದೆ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು: ನಾವು ಮರಿಯಮ್ಮನನ್ನು ದೇವರೆಂದು ಆರಾಧಿಸುವುದಿಲ್ಲ. ಆರಾಧನೆ ದೇವರೊಬ್ಬನಿಗೇ. ತಾಯಿಯ ಮೂಲಕ ತಂದೆಗೆ ಮಾತು ಮುಟ್ಟಿಸುವ ಮಕ್ಕಳಂತೆ ಆಕೆಯ ಬಳಿ ಬಿನ್ನವಿಸಿಕೊಳ್ಳುತ್ತೇವೆ, ಅಷ್ಟೆ.

ಯಾತ್ರೆಯ ಸಿದ್ಧತೆ ಶ್ರಾವಣದಲ್ಲಿಯೇ ಪ್ರಾರಂಭವಾಗುತ್ತದೆ. ಹಿರಿಯರಿಬ್ಬರು ಹಳ್ಳಿಯಿಂದ ಹಳ್ಳಿಗೆ ಹೋಗಿ ಬರುವವರ ಯಾದಿ ಬರೆಯುತ್ತಾರೆ. ಬಾಡಿಗೆಯ ಹಣವನ್ನು ತಲೆಗೆ ಇಷ್ಟೆಂದು ಹಂಚುವುದಿಲ್ಲ. ಉಳ್ಳವರು ಹೆಚ್ಚು, ಇಲ್ಲದವರು ಕಡಿಮೆ. ಕೂಲಿಯವರಿಗೆ ಮೂರು ದಿನದ ಪಗಾರ ಹೋಗುವುದೇ ದೊಡ್ಡ ವೆಚ್ಚವೆಂಬುದನ್ನು ಎಲ್ಲರೂ ಬಲ್ಲರು. “ರೊಕ್ಕಿಲ್ಲಂತ ಒಬ್ರೂ ಹಿಂದ ಉಳೀಬಾರದು ನೋಡಪಾ” ಎಂದು ನನ್ನ ಆಯಿ ಪ್ರತಿವರ್ಷವೂ ಹೇಳುವಳು. ಕೆಲವರು ಕ್ರೂಸರ್ ಗಾಡಿಯಲ್ಲಿ ಹೊರಟರೆ, ಕೆಲವರು ಇಂಡಿ ರೋಡ್ ಇಲ್ಲವೆ ಬಸವನ ಬಾಗೇವಾಡಿ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿ ಬಾಗಲಕೋಟೆ, ಗದಗ, ಹುಬ್ಬಳ್ಳಿಗಳ ಮಾರ್ಗವಾಗಿ ಬರುತ್ತಾರೆ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಗಳ ಗಂಟು ಯಾರದಾದರೂ ಸರಿ, ಬಿಚ್ಚಿದ ಮೇಲೆ ಎಲ್ಲರದೂ. ದಾರಿಯಲ್ಲಿ ಜಪಸರ ಹೇಳುತ್ತಾರೆ. ಹತ್ತು ಹತ್ತು ಮಣಿಗಳ ಐದು ಸುತ್ತು. ಒಂದೊಂದು ಸುತ್ತನ್ನು ಒಂದೊಂದು ಮನೆಯವರು ನಡೆಸುತ್ತಾರೆ. ಓದು ಬಾರದ ಮುದುಕಿಯೂ ಆಗ ಎಲ್ಲರ ಮುಂದಾಳು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಗಿಂತ ಮುಂಚೆ ಬಲಿಪೂಜೆ ಲ್ಯಾಟಿನ್ನಿನಲ್ಲಿತ್ತು. ಇಂದು ಎಲ್ಲವೂ ಕನ್ನಡದಲ್ಲಿರುವುದರಿಂದ ಅಂಥವಳ ದನಿಗೂ ಪೂಜೆಯಲ್ಲಿ ಸ್ಥಾನ ದೊರೆತಿದೆ. ನೆರೆಮನೆಯ ಹಿಂದೂ ತಾಯಂದಿರೂ ಹರಕೆ ಹೊತ್ತು ನಮ್ಮೊಡನೆ ಬರುವುದುಂಟು.

ಬಸವಣ್ಣನವರ ನಾಡಿನಲ್ಲಿ ಓದಿದವನಿಗೆ ಒಂದು ಸಂದೇಹ ಬಾರದಿರದು. ದೇವರು ಎಲ್ಲೆಡೆಯೂ ಇರುವನಾದರೆ ಒಂದು ಸ್ಥಳವನ್ನು ಹುಡುಕಿಕೊಂಡು ಏಕೆ ಹೋಗಬೇಕು? ಶರಣರು ಸ್ಥಾವರಕ್ಕಿಂತ ಜಂಗಮವನ್ನೇ ಹಿರಿದೆಂದರಲ್ಲವೆ? ಈ ಪ್ರಶ್ನೆಯನ್ನು ನಾನು ಬಹಳ ಯೋಚಿಸಿದ್ದೇನೆ. ಹರಿಹರದಲ್ಲಿ ನಾವು ಇರುವುದು ಒಂದು ಹಗಲು, ಒಂದು ರಾತ್ರಿ. ಮೇಣದ ಬತ್ತಿ ಹಚ್ಚಿ, ಬಲಿಪೂಜೆ ಮುಗಿಸಿ, ತೇರು ನೋಡಿ ಮರಳುತ್ತೇವೆ. ಆದರೆ ದಾರಿಯುದ್ದಕ್ಕೂ ಪಕ್ಕದಲ್ಲಿ ಕುಳಿತವರು ವರ್ಷವೆಲ್ಲ ನಮ್ಮವರಾಗಿ ಉಳಿಯುತ್ತಾರೆ. ಯಾರಿಗೆ ಕಾಯಿಲೆ, ಯಾರ ಮಗಳು ಶಾಲೆ ಬಿಟ್ಟಳು, ಯಾರ ಸಾಲ ತೀರಲಿಲ್ಲ ಎಂಬುದೆಲ್ಲ ತಿಳಿಯುವುದು ಅಲ್ಲಿಯೇ.

ಇದರ ಬೆಲೆ ಗೊತ್ತಾಗುವುದು ಹಬ್ಬದ ನಂತರ. ಹಿಂಗಾರಿ ಬಿತ್ತನೆ ಮುಗಿದು ಸಕ್ಕರೆ ಕಾರಖಾನೆಗಳು ಶುರುವಾದೊಡನೆ ನಮ್ಮ ತಾಲೂಕುಗಳ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಹೋಗುತ್ತವೆ. ಇನ್ನು ಕೆಲವು ಗೋವೆಗೆ, ಮುಂಬಯಿಗೆ. ಮಕ್ಕಳೂ ತಂದೆತಾಯಿಗಳ ಬೆನ್ನು ಹತ್ತಿದರೆಂದರೆ ಶಾಲೆ ಅಲ್ಲಿಗೆ ಮುಗಿದಂತೆ. ನನ್ನ ತಂದೆತಾಯಿ ಕೊಲ್ಹಾಪುರದ ಕಡೆಗೆ ಹೋದ ನಾಲ್ಕು ವರ್ಷ ನಾನು ಊರಲ್ಲಿಯೇ ಉಳಿದು ಓದಿದೆ. ನನ್ನನ್ನು ಇಟ್ಟುಕೊಂಡವರು ರಕ್ತಸಂಬಂಧಿಗಳಲ್ಲ. ಯಾತ್ರೆಯ ಗಾಡಿಯಲ್ಲಿ ಪರಿಚಯವಾದ ಬೇರೆ ಹಳ್ಳಿಯ ಒಂದು ಮನೆಯವರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನೆಂದರೆ ಅದರಲ್ಲಿ ಆ ಮನೆಯ ರೊಟ್ಟಿಯ ಋಣ ದೊಡ್ಡದು.

ಬರುವ ವರ್ಷದ ಯಾದಿ ಬರೆಯುವ ಕೆಲಸವನ್ನು ಹಿರಿಯರು ನನಗೆ ಒಪ್ಪಿಸಿದ್ದಾರೆ. ಹೆಸರು, ಊರು, ಕೊಟ್ಟ ಹಣ ಎಂಬ ಮೂರು ಅಂಕಣಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಬೇಕೆಂದು ಕೇಳಿಕೊಂಡಿದ್ದೇನೆ: ಕಬ್ಬಿನ ಕಾಲದಲ್ಲಿ ಈ ಮನೆಯ ಮಕ್ಕಳು ಯಾರ ಮನೆಯಲ್ಲಿ ಇರುತ್ತಾರೆ? ಹಿರಿಯರು ಒಪ್ಪಿದ್ದಾರೆ. ಆ ಅಂಕಣದಲ್ಲಿ ಒಂದು ಸಾಲೂ ಖಾಲಿ ಉಳಿಯದಿರಲೆಂಬುದೇ ಆರೋಗ್ಯಮಾತೆಯಲ್ಲಿ ನನ್ನ ಬಿನ್ನಹ.