ದುರ್ಬೀನು ಎತ್ತದ ಆರು ವಾರ

ಆಪರೇಷನ್ ಆಗಿ ಮೂರನೇ ದಿನ, ಫೆಬ್ರವರಿ ಮೊದಲ ವಾರ. ಬೆಂಗಳೂರಿನಿಂದ ಬಿ.ಎಚ್. ರಸ್ತೆ ಹಿಡಿದು ತಿಪಟೂರಿನ ಕಡೆ ಬರುವಾಗ ಗುಬ್ಬಿಯಿಂದ ಈಚೆಗಿನ ಹಂಪುಗಳನ್ನು ಕಣ್ಣಿಗಿಂತ ಮೊದಲು ಮೈ ಎಣಿಸಿತು. ಸೀಟ್ ಬೆಲ್ಟಿಗೂ ಎದೆಗೂ ನಡುವೆ ಪುಟ್ಟ ದಿಂಬು ಇಟ್ಟುಕೊಂಡಿದ್ದೆ. ಮನೆಯಲ್ಲಿ ಅಮ್ಮ ಅಟ್ಟದ ಕೆಳಗಿನ ಕೋಣೆಯಲ್ಲಿ ಮಂಚ ಹಾಕಿಸಿದ್ದಳು, ಹಗಲಿಗೆಂದು ಜಗಲಿಯಲ್ಲಿ ಒರಗು ಕುರ್ಚಿ. ಬೋರಲು ಮಲಗುವಂತಿಲ್ಲ, ಮಗ್ಗುಲಾಗುವಂತಿಲ್ಲ. ಎರಡು ಕೆಜಿ ಮೀರಿ ಭಾರ ಎತ್ತುವಂತಿಲ್ಲ, ಆರು ವಾರ ಕೈ ಹೆಗಲಿನಿಂದ ಮೇಲೆ ಹೋಗುವಂತಿಲ್ಲ. ಇಪ್ಪತ್ತು ವರ್ಷ ಹಕ್ಕಿ ನೋಡಿದವಳಿಗೆ ಈ ಕೊನೆಯ ಮಾತು ಮನಸ್ಸಿಗೆ ಇಳಿದದ್ದು ತೋಟದ ಕಡೆ ಮುಖ ಮಾಡಿ ಕೂತ ಮೇಲೆ. ದುರ್ಬೀನು ಗೂಟದಲ್ಲಿ ನೇತಾಡುತ್ತಿತ್ತು.

ನನಗೆ ಆದದ್ದು ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ. ಅಮ್ಮ ಮಾತ್ರ ಕೇಳಿದವರಿಗೆಲ್ಲ "ಬೆನ್ನಿನ ಆಪರೇಷನ್" ಅಂದಳು. ಅದು ಪೂರ್ತಿ ಸುಳ್ಳೂ ಅಲ್ಲ. ಹೈಸ್ಕೂಲು ದಾಟುವ ಮೊದಲೇ ಹತ್ತಿದ ನೋವು ಬೆನ್ನಿನಲ್ಲೇ ಇತ್ತು, ಕತ್ತಿನಲ್ಲಿತ್ತು. ಬ್ರಾ ಪಟ್ಟಿ ಕೊರೆದು ಎರಡೂ ಹೆಗಲಲ್ಲಿ ಬೆರಳು ಕೂರುವಷ್ಟು ಗೀರು ಬಿದ್ದಿತ್ತು. ಬೇಸಿಗೆ ಬಂತೆಂದರೆ ಎದೆಯ ಮಡಿಕೆಯಲ್ಲಿ ಚರ್ಮ ಸುಲಿದು ಉರಿ. ತೆಗೆದದ್ದು ಎರಡೂ ಕಡೆ ಸೇರಿ 1,180 ಗ್ರಾಂ ಎಂದೆ. ಅಮ್ಮ ಸುಲಿದ ಕಾಯಿ ಎರಡನ್ನು ಕೈಗೊಂದರಂತೆ ಹಿಡಿದು ತೂಗಿ ನೋಡಿದಳು. ಏನೂ ಹೇಳದೆ ಒಳಗೆ ಹೋದಳು. ಮಾರನೆಯ ದಿನ ಪಕ್ಕದ ತೋಟದ ಅಕ್ಕ ಬಂದಾಗ, "ಎದೆ ಭಾರ ತೆಗೆಸವ್ಳೆ ಕಣಮ್ಮ, ಇಷ್ಟು ವರ್ಷ ಹೊತ್ತವ್ಳೆ" ಅಂದಳು.

ಆರೈಕೆ ಪೂರಾ ಬಾಣಂತನದ್ದು. ಸಬ್ಬಸಿಗೆ ಸೊಪ್ಪಿನ ಸಾರು, ಮೆಣಸು, ಬೆಳ್ಳುಳ್ಳಿ, ಕಿವಿಗೆ ಬಟ್ಟೆ. ಬದನೆಕಾಯಿ ನಂಜು ಎಂದು ಮನೆಗೇ ತರಲಿಲ್ಲ.

ಏಳನೇ ದಿನ. ಒರಗಿದವಳಿಗೆ ಕಾಣುವುದು ತೆಂಗಿನ ತಲೆ ಮಾತ್ರ. ಇಷ್ಟು ಹೊತ್ತು ಒಂದೇ ಮರವನ್ನು ಹಿಂದೆಂದೂ ನೋಡಿರಲಿಲ್ಲ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಗರಿ ಸುಮಾರು ತಿಂಗಳಿಗೊಂದು ಬಿಚ್ಚುತ್ತದೆ, ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಹನ್ನೆರಡು ತಿಂಗಳು. ಹಾಗಾಗಿ ಒಂದು ಮರದ ತಲೆಯಲ್ಲಿ ವರ್ಷವಿಡೀ ಮೇಲಿಂದ ಕೆಳಕ್ಕೆ ಜೋಡಿಸಿಟ್ಟ ಹಾಗಿರುತ್ತದೆ: ಬಿರಿಯದ ಹೊಂಬಾಳೆ, ಹರಳು, ಎಳನೀರು, ಎಲ್ಲಕ್ಕಿಂತ ಕೆಳಗೆ ಕಂದು ತಿರುಗಿದ ಗೊನೆ. ಗಾಯದ ಕಲೆಯ ಕೆಂಪು ಇಳಿದು ಮೆತ್ತಗಾಗಲು ಒಂದು ವರ್ಷವಾದರೂ ಬೇಕು ಎಂದಿದ್ದರು ವೈದ್ಯರು. ಇವತ್ತು ಬಿರಿದ ಹೊಂಬಾಳೆಯೊಂದನ್ನು ಗುರುತು ಮಾಡಿಕೊಂಡೆ. ಮೂರನೇ ಸಾಲು, ಬಾವಿ ಕಡೆಯಿಂದ ಎರಡನೇ ಮರ.

ಒಂಬತ್ತನೇ ದಿನ. ಬೆಳಿಗ್ಗೆ ಏಳೂವರೆಗೆ ಅದೇ ಸಾಲಿನಿಂದ ಕುಟ್ಟುವ ಸದ್ದು. ಐದಾರು ಪೆಟ್ಟು, ನಿಲುಗಡೆ, ಮತ್ತೆ ಐದಾರು. ಆಹಾರ ಹುಡುಕುವಾಗ ಮರಕುಟಿಗ ಹೀಗೆ ಒಂದೇ ಕಡೆ ನಿಲ್ಲುವುದಿಲ್ಲ. ಇದು ಗೂಡಿನ ಕೆಲಸ. ಬರಿಗಣ್ಣಿಗೆ ಚಿನ್ನದ ಬಣ್ಣದ ಬೆನ್ನು, ಕೆಂಪು ಜುಟ್ಟು ಅಷ್ಟೇ ಕಂಡಿತು. ಹೊನ್ನಬೆನ್ನಿನ ಮರಕುಟಿಗದ ಹೆಣ್ಣಿಗೆ ಹಣೆ ಕಪ್ಪು, ಅದರ ಮೇಲೆ ಬಿಳಿ ಚುಕ್ಕಿ. ಗಂಡಿಗೆ ನೆತ್ತಿ ಪೂರಾ ಕೆಂಪು. ದುರ್ಬೀನು ಇದ್ದಿದ್ದರೆ ಕ್ಷಣದಲ್ಲಿ ಹೇಳುತ್ತಿದ್ದೆ. ಈಗ ಸದ್ದನ್ನೇ ಬರೆದುಕೊಂಡೆ: ಹತ್ತು ನಿಮಿಷದಲ್ಲಿ 41 ಸರಣಿ. ಅಮ್ಮ ಮರದ ಬುಡದಿಂದ ಉದುರಿದ್ದನ್ನು ಅಂಗೈಯಲ್ಲಿ ತಂದಳು. ಬೇರೆ ಮರದ್ದಾದರೆ ಚಕ್ಕೆ ಇರುತ್ತಿತ್ತು. ಇದು ನಾರು, ಕಂದು ದಾರದ ತುಣುಕುಗಳು, ಒಳಗಿನದು ಇನ್ನೂ ತೇವ.

ಹನ್ನೆರಡನೇ ದಿನ ಪಟ್ಟಿ ಬಿಚ್ಚಿ ಕನ್ನಡಿಯಲ್ಲಿ ನೋಡಿಕೊಂಡೆ. ತೆಗೆದ ಅಂಗಾಂಶದ ಲ್ಯಾಬ್ ವರದಿ ಆಗಲೇ ಬಂದಿತ್ತು, ತೊಂದರೆಯಿಲ್ಲ. ಮೊಲೆತೊಟ್ಟಿನ ಸುತ್ತ ಒಂದು ಗೆರೆ, ಅಲ್ಲಿಂದ ನೇರ ಕೆಳಗೆ ಒಂದು, ಮಡಿಕೆಯುದ್ದಕ್ಕೂ ಮತ್ತೊಂದು, ತಲೆಕೆಳಗಾದ ಟಿ ಅಕ್ಷರದ ಹಾಗೆ. 1956ರಲ್ಲಿ ರಾಬರ್ಟ್ ವೈಸ್ ಎಂಬ ವೈದ್ಯರು ಪ್ರಕಟಿಸಿದ ಮಾದರಿಯ ಗೆರೆಗಳು ಇವು. ಮೊಲೆತೊಟ್ಟನ್ನು ಪೂರ್ತಿ ಬಿಡಿಸದೆ, ರಕ್ತ ಹರಿಯುವ ಅಂಗಾಂಶದ ತೊಟ್ಟಿನ ಮೇಲೆ ಇಟ್ಟುಕೊಂಡೇ ಮೇಲಕ್ಕೆ ಏರಿಸುತ್ತಾರೆ. ನನ್ನ ಮೈಯನ್ನು ನಾನು ಇಷ್ಟು ಹೊತ್ತು ನೆಟ್ಟಗೆ ನೋಡಿದ್ದು ಅದೇ ಮೊದಲು. ಅಳು ಬಂತು. ದುಃಖದ ಅಳು ಅಲ್ಲ.

ಹದಿನಾರನೇ ದಿನ. ನೇರ ಗೆರೆ ಮಡಿಕೆಯ ಗೆರೆಯನ್ನು ಕೂಡುವ ಕಡೆ, ಬಲಗಡೆ, ಹೊಲಿಗೆ ಬಿಟ್ಟಿದೆ. ಚರ್ಮಕ್ಕೆ ಎಳೆತ ಹೆಚ್ಚಿ ರಕ್ತ ಕಡಿಮೆ ಸಿಗುವ ಜಾಗ ಅದೇ ಆದ್ದರಿಂದ ಮಾಯುವುದೂ ಅಲ್ಲೇ ನಿಧಾನವಂತೆ. ವೈದ್ಯರಿಗೆ ಫೋಟೊ ಕಳಿಸಿದೆ, ಕೀವಿಲ್ಲ, ಜ್ವರವಿಲ್ಲ, ದಿನವೂ ಡ್ರೆಸಿಂಗ್ ಸಾಕು ಎಂದರು. ಹತ್ತಿರ ಹಿಡಿದು ನೋಡಿದರೆ ಅವರೆಕಾಳಿನಷ್ಟು ಬಾಯಿ, ತಳದಲ್ಲಿ ಹಳದಿ ಪೊರೆ, ಅಂಚಿನಲ್ಲಿ ತೆಳು ಗುಲಾಬಿ ಗೆರೆ. ಆ ಗುಲಾಬಿಯೇ ಹೊಸ ಚರ್ಮ. ಸ್ಕೇಲು ತೊಳೆದು ತಾಗಿಸದೆ ಹಿಡಿದು ಅಳೆದೆ: 9 ಮಿ.ಮೀ. ಆಮೇಲೆ ದಿನಚರಿಯಲ್ಲಿ ಗೂಡಿನ ಪಕ್ಕದಲ್ಲೇ ಅದಕ್ಕೂ ಒಂದು ಸಾಲು ಇಟ್ಟೆ. ಇಪ್ಪತ್ತನೇ ದಿನ 7. ಇಪ್ಪತ್ನಾಲ್ಕಕ್ಕೆ 5, ಹಳದಿ ಹೋಗಿ ತಳ ಕೆಂಪಾಗಿ ಹರಳುಹರಳಾಗಿದೆ. ಅಂದೇ ಮರಕುಟಿಗ ತೂತಿನೊಳಕ್ಕೆ ಪೂರ್ತಿ ಹೋಗಿ, ತಿರುಗಿ, ತಲೆ ಮುಂದಾಗಿ ಹೊರಬಂತು. ಒಳಗೆ ಕೋಣೆ ಸಿದ್ಧವಾಗಿದೆ ಎಂದರ್ಥ.

ನಡೆಯಬಹುದು ಎಂದ ಮೇಲೆ ದಿನವೂ ಸಂಜೆ ಬೇವಿನ ಮರದವರೆಗೆ ಹೋಗುತ್ತೇನೆ. ಹೋದ ವರ್ಷ ಕರೆಂಟ್ ತಂತಿಗೆ ತಾಗುತ್ತದೆಂದು ಅದರ ಕೊಂಬೆ ಕಡಿದಿದ್ದರು. ಕಡಿದ ಜಾಗದ ಸುತ್ತ ದಪ್ಪ ತುಟಿಯಂಥ ಉಂಗುರ ಎದ್ದು ಒಳಕ್ಕೆ ಸರಿಯುತ್ತಿದೆ. ಬೇವಿನ ತೊಗಟೆಯ ಕೆಳಗೆ ಹೊಸ ಕೋಶ ಹುಟ್ಟಿಸುವ ಪದರವಿದೆ, ಆ ತುಟಿ ಅದರದೇ ಕೆಲಸ. ತೆಂಗಿಗೆ ಆ ಪದರವೇ ಇಲ್ಲ. ತಾತ ಹತ್ತಲೆಂದು ಮಚ್ಚಿನಲ್ಲಿ ಕಚ್ಚು ಮಾಡಿದ ಮರ ಬೇವಿನ ಪಕ್ಕದಲ್ಲೇ ಇದೆ. ಕಚ್ಚುಗಳ ಅಂಚು ಇವತ್ತಿಗೂ ಚೂಪು. ಎಷ್ಟು ಮಳೆ ಕಂಡರೂ ಮುಚ್ಚಿಲ್ಲ, ಮುಚ್ಚುವುದೂ ಇಲ್ಲ. ತೆಂಗು ಗಾಯ ಮಾಯಿಸಿಕೊಳ್ಳುವ ಮರವಲ್ಲ, ಗಾಯ ಇಟ್ಟುಕೊಂಡು ಕಾಯಿ ಬಿಡುವ ಮರ. ಅದರ ಕಾಂಡದ ಜೀವಕೋಶಗಳು ಮರ ಇರುವಷ್ಟು ಕಾಲವೂ ಬದುಕಿರುತ್ತವೆ. ತಾತನ ಮಚ್ಚು ತಾಗಿದ ಕೋಶದ ನೆರೆಯ ಕೋಶ ಇನ್ನೂ ಅಲ್ಲೇ ಇದೆ. ಗಾಯವಾದ ಕಡೆಗೇ ಕೆಂಪು ಮೂತಿ ಹುಳ ವಾಸನೆ ಹಿಡಿದು ಬಂದು ಮೊಟ್ಟೆ ಇಡುತ್ತದೆ. ಅದಕ್ಕೇ ಹಸಿ ಗರಿ ಕಡಿಯಬೇಕಾದರೆ ಬುಡದಿಂದ 120 ಸೆಂ.ಮೀ. ಬಿಟ್ಟು ಕಡಿಯಿರಿ ಎನ್ನುವುದು.

ಮನುಷ್ಯರ ಚರ್ಮ ಎರಡೂ ಅಲ್ಲ. ಅದು ಮುಚ್ಚಿಕೊಳ್ಳುತ್ತದೆ, ಆದರೆ ಮೊದಲಿನ ಹಾಗಲ್ಲ. ಮೂರು ವಾರಕ್ಕೆ ಕಲೆಯ ಗಟ್ಟಿತನ ಮೂಲ ಚರ್ಮದ ಐದನೇ ಒಂದು ಪಾಲು, ಮೂರು ತಿಂಗಳಿಗೆ ಸುಮಾರು ಶೇ. 80. ನೂರಕ್ಕೆ ಎಂದೂ ಮರಳುವುದಿಲ್ಲ. ಇದನ್ನು ಓದಿದಾಗ ಹೆದರಿಕೆಯಾಗಬೇಕಿತ್ತು. ಕಚ್ಚಿನ ಮರದ ಕೆಳಗೆ ನಿಂತು ನೆನೆದಾಗ ಆಗಲಿಲ್ಲ.

ರಾತ್ರಿ ನಿದ್ದೆ ಬಿಡಿಬಿಡಿ. ತಲೆಯ ಮೇಲೆ ಅಟ್ಟದಲ್ಲಿ ಹೋದ ವರ್ಷದ ಕಾಯಿ. ಉಂಡೆ ಕೊಬ್ಬರಿಗೆ ಕಾಯಿಯನ್ನು ಒಡೆಯದೆ ಹತ್ತು ಹನ್ನೆರಡು ತಿಂಗಳು ಹೀಗೇ ಬಿಡುತ್ತಾರೆ. ನೀರು ಒಳಗೊಳಗೇ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಅವಸರಪಟ್ಟು ಒಡೆದರೆ ತಿರುಳು ಚಿಪ್ಪಿಗೇ ಕಚ್ಚಿರುತ್ತದೆ. ಇಲಿ ಓಡಿದಾಗ ಒಂದೆರಡು ಉರುಳಿ, ಒಳಗೆ ಗುಡುಗುಡು ಎಂದು ಉಂಡೆ ಆಡಿದ ಸದ್ದು ಬರುತ್ತದೆ. "ಗಿಟುಕಾಗೈತೆ" ಎನ್ನುತ್ತಾಳೆ ಅಮ್ಮ ಕತ್ತಲಲ್ಲೇ.

ಮೂವತ್ತೊಂದನೇ ದಿನ. ಗಾಯ 2 ಮಿ.ಮೀ. ಮಧ್ಯಾಹ್ನ ಎಡಗಡೆ ಇರುವೆ ಕಚ್ಚಿದ ಹಾಗಾಗಿ ಬಟ್ಟೆ ಕೊಡವಿದೆ. ಇರುವೆ ಇರಲಿಲ್ಲ. ಕಡಿದ ನರ ದಿನಕ್ಕೆ ಹೆಚ್ಚುಕಡಿಮೆ ಒಂದು ಮಿ.ಮೀ. ಬೆಳೆಯುತ್ತದೆ. ಅಷ್ಟು ದಿನ ಮರದ ಹಾಗಿದ್ದ ಜಾಗ ನನ್ನದೇ ಎಂದು ಹೇಳಿಕಳಿಸಿತ್ತು.

ನಲವತ್ತಮೂರನೇ ದಿನ, ಯುಗಾದಿಗೆ ನಾಲ್ಕು ದಿನ. ಗಾಯದ ಸಾಲಿನಲ್ಲಿ ಸೊನ್ನೆ ಬರೆದು ವಾರವಾಯಿತು. ನಿನ್ನೆ ಫೋನಿನಲ್ಲಿ ವೈದ್ಯರು ಕೈ ಎತ್ತಬಹುದು ಎಂದರು. ಗೂಟದಿಂದ ದುರ್ಬೀನು ತೆಗೆದೆ. ಪಟ್ಟಿ ಕತ್ತಿನ ಮೇಲೆ ಕೂತಿತು, ಅಷ್ಟೇ. ಹಳೆಯ ಗೀರಿಗೆ ಇಳಿಯಲಿಲ್ಲ. ತೋಳು ನಡುಗಿತು, ಮೊಳಕೈಯನ್ನು ಜಗಲಿಯ ಕಂಬಕ್ಕೆ ಆನಿಸಿದೆ. ಬೆಳಿಗ್ಗೆ 7.52ಕ್ಕೆ ನೆತ್ತಿ ಪೂರಾ ಕೆಂಪಗಿರುವ ಹಕ್ಕಿ ಬಂದು ಬಾಲವನ್ನು ಕಾಂಡಕ್ಕೆ ಊರಿ ತೂತಿನ ಕೆಳಗೆ ಕಾದಿತು. ಒಳಗಿನಿಂದ ಕಪ್ಪು ಹಣೆ, ಬಿಳಿ ಚುಕ್ಕಿ. ಹೆಣ್ಣು ಹೊರಬಂದು ಬಾವಿ ಕಡೆ ಹಾರಿತು, ಗಂಡು ಒಳಗೆ ಹೋಯಿತು. ತೂತಿನ ಕೆಳತುಟಿ ಸವೆದು ನುಣುಪಾಗಿದೆ. ಅದೇ ಮರದ ತಲೆಯಲ್ಲಿ ಗುರುತಿಟ್ಟ ಗೊನೆಯಲ್ಲಿ ಹರಳು ಹದಿನಾಲ್ಕು.