ಸನಾದಿ ಹಿಡಿದ ಕೈಗೆ ಕ್ಲಾರಿಯೋನೆಟ್ ಬಂದ ಬಗೆ

ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವಾಗ ಉಸಿರಿನಿಂದ ನುಡಿಯುವ ಎಲ್ಲವನ್ನೂ ಸುಷಿರ ಎಂಬ ಒಂದೇ ಹೆಸರಿನಡಿ ತಂದಿತು. ಆದರೆ ಕೊಳಲು, ಸನಾದಿ, ಕ್ಲಾರಿಯೋನೆಟ್ ಮೂರನ್ನೂ ಕೈಯಲ್ಲಿ ಹಿಡಿದವನಿಗೆ ಆ ಒಂದೇ ಹೆಸರಿನೊಳಗೆ ಮೂರು ಬೇರೆ ತುಟಿಗಳು, ಮೂರು ಬೇರೆ ಬೆರಳಾಟಗಳು ಅಡಗಿರುವುದು ಮೊದಲ ದಿನವೇ ತಿಳಿಯುತ್ತದೆ. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹೀಗೆ ಹಲವು ಊದುವ ವಾದ್ಯಗಳು ಒಬ್ಬನ ಪಾಲಿಗೆ ಬಂದದ್ದನ್ನು ಪ್ರತಿಭೆಯ ಮಾತಾಗಿ ಹೊಗಳುವುದು ವಾಡಿಕೆಯಾದರೂ, ಅದರ ಬೇರು ಇರುವುದು ಲಗ್ನದ ಹಂಗಾಮಿನಲ್ಲಿ, ವೀಳ್ಯ ಕೊಟ್ಟು ಕರೆಯುವವರು ಯಾವ ವಾದ್ಯ ಬೇಕೆಂದು ಕೇಳಿದರೋ ಅದರಲ್ಲಿ.

ಸನಾದಿ ಎಂಬುದು ಶಹನಾಯಿಯ ಉತ್ತರ ಕರ್ನಾಟಕದ ರೂಪ. ನೆರೆಯ ಮರಾಠಿಯವರು ಇದನ್ನೇ ಸನಈ ಎನ್ನುತ್ತಾರೆ. ತುದಿಯತ್ತ ಅಗಲವಾಗುತ್ತ ಹೋಗುವ ಕಟ್ಟಿಗೆಯ ಕೊಳವೆ, ಅದರ ಬಾಯಿಗೆ ಲೋಹದ ಗಂಟೆಯಾಕಾರ, ಊದುವ ತುದಿಯಲ್ಲಿ ಹುಲ್ಲಿನ ಎರಡು ತೆಳುಪದರಗಳನ್ನು ಜೋಡಿಸಿದ ರೀಡು ಇದರ ಅಂಗಗಳು. ನವಲಗುಂದ, ಅಣ್ಣಿಗೇರಿಯ ಎರೆನಾಡಿನಲ್ಲಾಗಲಿ ಕಲಘಟಗಿಯ ಅರೆಮಲೆನಾಡಿನಲ್ಲಾಗಲಿ ಪಲ್ಲಕ್ಕಿ, ತೇರು, ಮದುವೆಯ ಅಕ್ಕಿಕಾಳು ಯಾವುದೂ ಸನಾದಿಯಿಲ್ಲದೆ ಸಾಗುತ್ತಿರಲಿಲ್ಲ. ಕರಡಿ ಎಂಬ ಚರ್ಮವಾದ್ಯದೊಡನೆ ತಾಳವೂ ಸನಾದಿಯೂ ಕೂಡಿದ ಮೇಳಕ್ಕೆ ಕರಡಿ ಮಜಲು ಎಂದು ಹೆಸರು. ಮಂಗಳವಾದ್ಯ ನುಡಿಸುವ ಕೊರಮ, ಕೊರವ ಮನೆತನಗಳಿಗೆ ಭಜಂತ್ರಿ ಎಂಬುದು ಅಡ್ಡಹೆಸರಾಗಿಯೇ ನಿಂತಿತು. ಈ ಮನೆತನಗಳ ಮತ್ತೊಂದು ಕಸುಬು ಬುಟ್ಟಿ ಹೆಣೆಯುವುದು. ಮಂಗಳಕಾರ್ಯಕ್ಕೆ ಇವರ ನಾದವೇ ಮೊದಲು ಬೇಕಾಗಿದ್ದು, ಪಂಕ್ತಿಯಲ್ಲಿ ಕೂರುವ ಹೊತ್ತಿಗೆ ಇವರೇ ಕೊನೆಯವರಾಗುತ್ತಿದ್ದುದನ್ನು ಸಂಗೀತದ ಚರಿತ್ರೆಗಳು ಅಷ್ಟಾಗಿ ಬರೆದಿಟ್ಟಿಲ್ಲ.

ಇದೇ ನೆಲದಲ್ಲಿ ಹಿಂದುಸ್ತಾನಿ ಸಂಗೀತದ ಕಿರಾನಾ ಘರಾನೆಯ ಗಾಯನವೂ ಬೇರೂರಿತು. ಉಸ್ತಾದ್ ಅಬ್ದುಲ್ ಕರೀಮ್ ಖಾನರ ಶಿಷ್ಯರಾದ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು (1886–1952), ಕುಂದಗೋಳದವರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಕುಂದಗೋಳದ ನಾಡಗೀರ ಮನೆತನದ ವಾಡೆಯ ಬೈಠಕ್ಕಿನೊಳಗೆ ಸನಾದಿಯವನಿಗೆ ಆಸನವಿತ್ತೋ ಇಲ್ಲವೋ, ಸ್ವರವನ್ನು ನಿಧಾನವಾಗಿ ಬೆಳೆಸುವ ಆ ಪದ್ಧತಿ ಗೋಡೆ ದಾಟಿ ಹೊರಗೆ ಕೇಳುತ್ತಿತ್ತು. ಊದುವವನ ಕಲಿಕೆ ಮುಖ್ಯವಾಗಿ ಕಿವಿಯದಾದುದರಿಂದ ವಾದ್ಯ ಬದಲಾದರೂ ರಾಗ ಕೈಬಿಡಲಿಲ್ಲ ಎಂಬ ಊಹೆಗೆ ಇಲ್ಲಿ ಎಡೆಯಿದೆ.

ಬದಲಾವಣೆ ಬಂದದ್ದು ಬ್ಯಾಂಡಿನಿಂದ. ಬ್ರಿಟಿಷ್ ಪಲ್ಟನ್ನುಗಳ ಜೊತೆಗೆ ಬಂದ ಬ್ಯಾಂಡು ಕ್ರಮೇಣ ಮದುವೆಯ ಮೆರವಣಿಗೆಗೆ ಇಳಿಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡಕ್ಕೆ ಬೆಳಗಾವಿಯ ದಂಡು ಪ್ರದೇಶವೂ ದೂರವಿರಲಿಲ್ಲ. ಸಮವಸ್ತ್ರ ತೊಟ್ಟ ಬ್ಯಾಂಡು ಬೀಗರ ಮುಂದೆ ದೊಡ್ಡಸ್ತಿಕೆಯ ಗುರುತಾದ ಮೇಲೆ ಸನಾದಿಯವನ ಮಗ ಬ್ಯಾಂಡಿನ ಕ್ಲಾರಿಯೋನೆಟ್ ಹಿಡಿದ.

ಹಾಗೆ ಹಿಡಿದದ್ದು ಸುಲಭದ ಕೆಲಸವಾಗಿರಲಿಲ್ಲ. 1700ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಯೋಹಾನ್ ಕ್ರಿಸ್ಟೊಫ್ ಡೆನ್ನರ್ ರೂಪಿಸಿದ ಈ ವಾದ್ಯಕ್ಕೆ ರೀಡು ಒಂದೇ ಪದರದ್ದು. ಅದನ್ನು ಕೆಳದುಟಿಯ ಮೇಲೆ ಇಟ್ಟು ಮೇಲಿನ ಹಲ್ಲನ್ನು ಮೂತಿಗೆ ಊರಬೇಕು. ನಿಜವಾದ ತೊಡಕು ಇರುವುದು ಕೊಳವೆಯ ಒಳಗೆ. ಸನಾದಿಯ ಒಳಗೋಡೆ ಶಂಕುವಿನಂತೆ ಅಗಲವಾಗುತ್ತ ಹೋಗುವುದರಿಂದ ಉಸಿರನ್ನು ಬಿಗಿದಾಗ ಅದೇ ಬೆರಳಿನಲ್ಲಿ ಮೇಲಿನ ಸಪ್ತಕದ ಅದೇ ಸ್ವರ ಹುಟ್ಟುತ್ತದೆ, ಷಡ್ಜ ಹಿಡಿದ ಬೆರಳು ತಾರ ಷಡ್ಜವನ್ನೇ ಕೊಡುತ್ತದೆ. ಕ್ಲಾರಿಯೋನೆಟ್ಟಿನ ಕೊಳವೆ ಬಹುಪಾಲು ಒಂದೇ ಅಗಲದ್ದಾಗಿ, ರೀಡಿನ ಕಡೆ ಮುಚ್ಚಿದಂತಿರುವುದರಿಂದ, ಷಡ್ಜದ ಬೆರಳು ಮೇಲಿನ ಸಪ್ತಕದ ಪಂಚಮಕ್ಕೆ ಜಿಗಿಯುತ್ತದೆ. ಹೀಗಾಗಿ ಬೆರಳಿಗೆ ಕುಳಿತ ಭೂಪ, ದುರ್ಗಾ, ಭೀಮಪಲಾಸ ರಾಗಗಳನ್ನು ಎರಡನೆಯ ಸಲ ಮೊದಲಿನಿಂದ ಕಲಿಯಬೇಕಾಯಿತು.

ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ಟಿನ ಜೊತೆಗೆ ಸ್ಯಾಕ್ಸಫೋನೂ ಇತ್ತು. 1846ರಲ್ಲಿ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸಫೋನು ಮೈಯೆಲ್ಲ ಹಿತ್ತಾಳೆಯಾದರೂ ರೀಡಿನ ಕಾರಣದಿಂದ ಕಟ್ಟಿಗೆಯ ವಾದ್ಯಗಳ ಗುಂಪಿಗೇ ಸೇರುತ್ತದೆ. ಅದರ ಒಳಗೂ ಶಂಕುವೇ ಇರುವುದರಿಂದ ಸಪ್ತಕ ಸಪ್ತಕಕ್ಕೇ ಸೇರುತ್ತದೆ, ಮತ್ತು ಆ ಮಟ್ಟಿಗೆ ಈ ಹೊಸ ವಾದ್ಯ ಸನಾದಿಯವನಿಗೆ ಕ್ಲಾರಿಯೋನೆಟ್ಟಿಗಿಂತ ಹತ್ತಿರದ ನೆಂಟ. ಆದರೆ ಒಂದನ್ನು ಕೊಟ್ಟದ್ದು ಇನ್ನೊಂದನ್ನು ಕಸಿದುಕೊಂಡಿತು. ಸನಾದಿಯ ರಂಧ್ರದ ಮೇಲಿಂದ ಬೆರಳನ್ನು ಮೆಲ್ಲಗೆ ಸರಿಸಿದರೆ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಕಡಿಯದ ಜಾರು, ತಾನಾಗಿ ಬರುತ್ತದೆ; ಕ್ಲಾರಿಯೋನೆಟ್ಟಿನಲ್ಲೂ ಬೆರಳೇ ನೇರವಾಗಿ ಮುಚ್ಚುವ ಕೆಲವು ರಂಧ್ರಗಳುಂಟು; ಸ್ಯಾಕ್ಸಫೋನಿನಲ್ಲಿ ಎಲ್ಲ ರಂಧ್ರಗಳಿಗೂ ಕೀಲಿಯ ಮುಚ್ಚಳವಿರುವುದರಿಂದ ಆ ಜಾರನ್ನು ತುಟಿಯಿಂದಲೇ ಸಾಧಿಸಬೇಕು. ತಂದೆಯಿಂದ ನಾಗಸ್ವರ ಕಲಿತು, ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಅದಕ್ಕೆ ಮನಸೋತ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ವರ್ಷಗಟ್ಟಲೆ ಸೆಣಸಿ, ವಾದ್ಯವನ್ನೇ ಕೆಲಮಟ್ಟಿಗೆ ಮಾರ್ಪಡಿಸಿ ಗಮಕಗಳನ್ನು ಒಲಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಗೆ ಏರಿದ ಅವರ ವಾದನದ ಹಿಂದೆ ಇದ್ದ ಕಷ್ಟವೇ, ಹೆಸರಿಲ್ಲದೆ, ಹಳ್ಳಿಯ ಬ್ಯಾಂಡಿನವನದೂ ಆಗಿತ್ತು.

ಕೊಳಲಿನ ದಾರಿ ಬೇರೆ. ರೀಡಿಲ್ಲದ ಆ ಬಿದಿರಿಗೆ ತುಟಿಯ ಸಣ್ಣ ಸೀಳೇ ಸಾಧನವಾದುದರಿಂದ ಸನಾದಿ ಊದಿ ಬಿಗಿದ ತುಟಿ ಅದಕ್ಕೆ ಕೂಡಲೇ ಒಗ್ಗದು. ಧಾರವಾಡದಲ್ಲಿ ಅದು ಬೆಳೆದದ್ದೂ ಮೆರವಣಿಗೆಯಲ್ಲಲ್ಲ, ಬೈಠಕ್ಕಿನಲ್ಲಿ ಮತ್ತು ಬಾನುಲಿಯಲ್ಲಿ. ಪಂಡಿತ ವೆಂಕಟೇಶ ಗೋಡಖಿಂಡಿ ಮತ್ತು ಅವರ ಮಗ ಪ್ರವೀಣ ಗೋಡಖಿಂಡಿಯವರ ಹೆಸರುಗಳು ಇದಕ್ಕೆ ಸಾಕ್ಷಿ.

1950ರಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿ ಊದುವವರಿಗೆ ಹೊಸ ಮರ್ಯಾದೆ ತಂದಿತಾದರೂ, ಕಲಾವಿದನನ್ನು ವಾದ್ಯವಾರು ಪರೀಕ್ಷಿಸಿ ದರ್ಜೆ ಕೊಡುವ ಪದ್ಧತಿಯು ಅವನ ಹೆಸರಿನ ಮುಂದೆ ಒಂದು ವಾದ್ಯವನ್ನು ನಿಲ್ಲಿಸಿತು. ಲಗ್ನದ ಮನೆ ಹಲವನ್ನು ಬೇಡಿದರೆ ಸ್ಟುಡಿಯೋ ಒಂದನ್ನು ಕೇಳಿತು. 1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜಕುಮಾರರ ಕೈಯ ಸನಾದಿಗೆ ಉಸಿರು ಕೊಟ್ಟವರು ಕಾಶಿಯ ಶಹನಾಯಿ ವಾದಕ ಉಸ್ತಾದ್ ಬಿಸ್ಮಿಲ್ಲಾ ಖಾನರು. ನಾಡಿನ ಸನಾದಿಯವನ ಕತೆಗೆ ಕಾಶಿಯ ಉಸಿರೇ ಬೇಕಾಯಿತೆಂಬುದು ಹೆಮ್ಮೆಯೋ ಕೊರಗೋ, ಹೇಳುವುದು ಕಷ್ಟ.

ಈ ಬಹುವಾದ್ಯದ ಕಲಿಕೆಗೆ ಇದ್ದ ಶಾಲೆಯೆಂದರೆ ಶ್ರುತಿ ಹಿಡಿಯುವವನ ಜಾಗ. ಮುಖ್ಯ ಸನಾದಿಯ ಪಕ್ಕದಲ್ಲಿ ಎಳೆಯ ಹುಡುಗನೊಬ್ಬ ಒಂದೇ ಸ್ವರವನ್ನು ಕಡಿಯದೆ ಊದುತ್ತಿದ್ದ. ಗಲ್ಲದಲ್ಲಿ ಗಾಳಿ ತುಂಬಿಟ್ಟು, ಅದು ಹೊರಹೋಗುತ್ತಿರುವಾಗಲೇ ಮೂಗಿನಿಂದ ಉಸಿರೆಳೆದುಕೊಳ್ಳುವ ಆ ಅಭ್ಯಾಸ ಒಮ್ಮೆ ಕೂತರೆ ರೀಡಿನ ಯಾವ ವಾದ್ಯಕ್ಕೂ ಒದಗುತ್ತಿತ್ತು, ಮತ್ತು ವರ್ಷಗಟ್ಟಲೆ ಷಡ್ಜವನ್ನೇ ಹಿಡಿದವನ ಕಿವಿಯಲ್ಲಿ ಉಳಿದ ಸ್ವರಗಳೆಲ್ಲ ಅಪ್ಪನ ಅಥವಾ ಕಾಕಾನ ಊದಿನಿಂದ ತಾವಾಗಿ ಕುಳಿತಿರುತ್ತಿದ್ದವು. ಈಗ ಆ ಜಾಗದಲ್ಲಿ ಅಂಗೈಯಗಲದ ವಿದ್ಯುತ್ ಶ್ರುತಿಪೆಟ್ಟಿಗೆ ಕುಳಿತಿದೆ. ಅದಕ್ಕೆ ಊಟ ಹಾಕಬೇಕಿಲ್ಲ, ಪಾಲು ಕೊಡಬೇಕಿಲ್ಲ.