ಸೇನೆಯ ಹಳೆಯ ಆರು ಚಕ್ರ ಚಾಲನೆಯ ವಾಹನ: ಕೊಳ್ಳುವ ಮುನ್ನ ಲೆಕ್ಕ ಹಾಕಿ

ಮಲೆನಾಡಿನ ತೋಟಗಳ ಒಳದಾರಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನಿಂದ ತುಂಬಿರುತ್ತವೆ. ಸಾಮಾನ್ಯ ಲಾರಿಗಳು ಹೂತು ನಿಲ್ಲುತ್ತವೆ. ಆಗ, ಸೇನೆಯಿಂದ ವಿಲೇವಾರಿಯಾದ, ಎಲ್ಲ ಚಕ್ರಗಳಿಗೂ ಚಾಲನೆಯಿರುವ ವಾಹನವೊಂದನ್ನು ಕೊಂಡರೆ ಹೇಗೆ ಎಂಬ ಯೋಚನೆ ರೈತರಿಗೆ ಬರುವುದು ಸಹಜ. ಇಂಥ ವಾಹನ ಕೆಲವರಿಗೆ ನಿಜವಾಗಿಯೂ ಉಪಯುಕ್ತ. ಆದರೆ ಒಂದು ಬೆಳೆಯ ಉಳಿತಾಯವನ್ನೆಲ್ಲ ಇದಕ್ಕೆ ತೊಡಗಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ.

ಆರು ಚಕ್ರ ಚಾಲನೆ ಎಂದರೇನು?

ನಮ್ಮಲ್ಲಿ ‘ಆರು ಚಕ್ರದ ಲಾರಿ’ ಎಂದು ಕರೆಯುವುದು ಎರಡೇ ಆಕ್ಸಲ್‌ಗಳ ಲಾರಿಯನ್ನು. ಅದರ ಹಿಂಬದಿಯಲ್ಲಿ ಜೋಡಿ ಟೈರುಗಳಿರುವುದರಿಂದ ಆ ಹೆಸರು. ಎಂಜಿನ್ನಿನ ಶಕ್ತಿ ಅದರ ಹಿಂದಿನ ಆಕ್ಸಲಿಗೆ ಮಾತ್ರ ಹೋಗುತ್ತದೆ. ಆರು ಚಕ್ರ ಚಾಲನೆಯ ವಾಹನಕ್ಕೆ ಮೂರು ಆಕ್ಸಲ್‌ಗಳಿದ್ದು, ಮೂರೂ ಎಂಜಿನ್ನಿನಿಂದ ತಿರುಗುತ್ತವೆ. ಇದನ್ನು 6×6 ಎಂದು ಬರೆಯುವುದು ವಾಡಿಕೆ. ಇಲ್ಲಿ ಜೋಡಿ ಟೈರುಗಳನ್ನು ಒಂದೇ ಚಕ್ರವೆಂದು ಎಣಿಸಬೇಕು. ಮೊದಲ ಅಂಕಿ ಒಟ್ಟು ಚಕ್ರಗಳು, ಎರಡನೆಯದು ಚಾಲನೆಯುಳ್ಳ ಚಕ್ರಗಳು.

ಇದಕ್ಕೆ ಪ್ರಸಿದ್ಧ ಉದಾಹರಣೆ ಎರಡನೇ ಮಹಾಯುದ್ಧದ ಅಮೆರಿಕದ ಜಿ.ಎಂ.ಸಿ. ಎರಡೂವರೆ ಟನ್ ಲಾರಿ. 1941ರಿಂದ 1945ರವರೆಗೆ ಇಂಥವು ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಅಸ್ಸಾಮಿನ ಲೀಡೋದಿಂದ ಬರ್ಮಾದ ಮೂಲಕ ಚೀನಾಕ್ಕೆ 1945ರಲ್ಲಿ ತೆರೆದ ರಸ್ತೆಯಲ್ಲೂ ಇವು ಓಡಿದವು. ಯುದ್ಧ ಮುಗಿದ ಮೇಲೆ ಅನೇಕ ದೇಶಗಳಲ್ಲಿ ಇವು ಮರದ ದಿಮ್ಮಿ ಸಾಗಿಸುವವರ ಕೈಸೇರಿದವು.

ನಮ್ಮ ಸೇನೆಯ ಎಲ್ಲ ವಾಹನಗಳೂ ಈ ಬಗೆಯವಲ್ಲ. ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್ ಮತ್ತು ಜೊಂಗಾ ನಾಲ್ಕು ಚಕ್ರ ಚಾಲನೆಯವು. 1986ರ ಒಪ್ಪಂದದ ನಂತರ ಬೆಂಗಳೂರಿನ ಬಿ.ಇ.ಎಂ.ಎಲ್. ಸಂಸ್ಥೆಯ ಮೂಲಕ ಸೇನೆಗೆ ಬಂದ ಟಾಟ್ರಾಗಳಲ್ಲಿ ಆರು ಚಕ್ರ ಚಾಲನೆಯವೂ ಇದ್ದವು. ಆದರೆ ಅವುಗಳ ತೂಕ ತೋಟದ ಮೋರಿ, ಕಾಲುಸಂಕಗಳಿಗೆ ತಕ್ಕುದಲ್ಲ. ಆದ್ದರಿಂದ ಹೆಸರು ಕೇಳಿ ಮರುಳಾಗದೆ, ವಾಹನದ ಅಡಿಯಲ್ಲಿ ಬಗ್ಗಿ ಯಾವ ಯಾವ ಆಕ್ಸಲಿಗೆ ಚಾಲನಾ ದಂಡ ಹೋಗಿದೆ ಎಂದು ನೋಡಬೇಕು.

ಕೆಸರಿನಲ್ಲಿ ಏಕೆ ಹೂಳುವುದಿಲ್ಲ?

ಎಳೆಯುವ ಶಕ್ತಿ ಎಂಜಿನ್ನಿನಿಂದ ಮಾತ್ರ ಬರುವುದಿಲ್ಲ. ಚಾಲನೆಯುಳ್ಳ ಚಕ್ರಗಳ ಮೇಲೆ ಎಷ್ಟು ತೂಕ ಬಿದ್ದಿದೆ, ನೆಲ ಎಷ್ಟು ಹಿಡಿತ ಕೊಡುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಹೊರೆ ಸೇರಿ 6 ಟನ್ ತೂಗುವ ವಾಹನವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಏರಿಗಾಗಿ 0.6 ಟನ್, ಕೆಸರಿನ ತಡೆಗಾಗಿ ಇನ್ನೊಂದು 0.6 ಟನ್, ಒಟ್ಟು 1.2 ಟನ್ ಎಳೆತ ಬೇಕೆಂದಿಟ್ಟುಕೊಳ್ಳಿ. ಒದ್ದೆ ಜೇಡಿನೆಲ ತೂಕದ ನೂರಕ್ಕೆ 30 ಭಾಗದಷ್ಟು ಹಿಡಿತ ಕೊಡುತ್ತದೆ ಎಂದೂ ಭಾವಿಸೋಣ.

ಹಿಂದಿನ ಆಕ್ಸಲ್ ಮಾತ್ರ ತಿರುಗುವ ಲಾರಿಯಲ್ಲಿ ಅದರ ಮೇಲೆ 3.6 ಟನ್ ತೂಕವಿದ್ದರೆ ಸಿಗುವ ಎಳೆತ 1.08 ಟನ್. ಲಾರಿ ನಿಂತಲ್ಲೇ ಚಕ್ರ ಸುತ್ತುತ್ತದೆ. ಆರೂ ಚಕ್ರ ತಿರುಗಿದರೆ ಪೂರ್ತಿ 6 ಟನ್ ತೂಕವೂ ಕೆಲಸಕ್ಕೆ ಬಂದು 1.8 ಟನ್ ಎಳೆತ ಸಿಗುತ್ತದೆ. ವಾಹನ ಏರುತ್ತದೆ.

ಆದರೆ ಇಳಿಜಾರಿನಲ್ಲಿ ಈ ಅನುಕೂಲ ಅಷ್ಟಾಗಿ ಇಲ್ಲವೆಂಬುದನ್ನು ಮರೆಯಬಾರದು. ಸಾಮಾನ್ಯ ಲಾರಿಗೂ ಬ್ರೇಕು ಎಲ್ಲ ಚಕ್ರಗಳಿಗೆ ಇದ್ದೇ ಇರುತ್ತದೆ. ಜಾರುವ ನೆಲದಲ್ಲಿ ಭಾರವಾದ ವಾಹನ ಹಗುರವಾದದ್ದಕ್ಕಿಂತ ಬೇಗ ನಿಲ್ಲುವುದಿಲ್ಲ. ಏರಿದ ದಾರಿಯನ್ನೆಲ್ಲ ಇಳಿಯಬಹುದೆಂಬ ಧೈರ್ಯ ಪ್ರಾಣಕ್ಕೆ ಅಪಾಯ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನಿನ ತಡೆಯಲ್ಲೇ ನಿಧಾನವಾಗಿ ಇಳಿಸಬೇಕು. ಎಂದಿಗೂ ನ್ಯೂಟ್ರಲ್‌ನಲ್ಲಿ ಬಿಡಕೂಡದು.

ಹೊರೆಯ ಕಾಲ, ಕೆಸರಿನ ಕಾಲ

ರೈತರು ಮುಖ್ಯವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಮ್ಮ ತೋಟದಲ್ಲಿ ಭಾರಿ ಹೊರೆ ಮತ್ತು ಕೆಸರು ಒಟ್ಟಿಗೆ ಬರುವ ದಿನಗಳು ವರ್ಷಕ್ಕೆ ಎಷ್ಟು?

ಕಾಫಿ ಕೊಯ್ಲು ಬಹುಪಾಲು ನವೆಂಬರ್‌ನಿಂದ ಮಾರ್ಚ್ ಒಳಗೆ ನಡೆಯುತ್ತದೆ. ಶುಂಠಿ, ಮೆಣಸುಗಳ ಸಾಗಣೆಯೂ ಹೆಚ್ಚಾಗಿ ಒಣಗಾಲದಲ್ಲೇ. ಆಗ ದಾರಿ ಗಟ್ಟಿಯಾಗಿದ್ದು, ಟ್ರಾಕ್ಟರ್ ಮತ್ತು ಟ್ರೇಲರ್ ಸಾಕಾಗುತ್ತದೆ. ಮಳೆಗಾಲದಲ್ಲಿ ಒಳಗೆ ಹೋಗಬೇಕಾದದ್ದು ಮೈಲುತುತ್ತ, ಸುಣ್ಣ, ಸ್ವಲ್ಪ ಗೊಬ್ಬರ ಮಾತ್ರ. ಇವು ಹಗುರವಾದ ಹೊರೆಗಳು. ಹೀಗಾಗಿ ಕಾಫಿ ಬೆಳೆಗಾರರಲ್ಲಿ ಹಲವರಿಗೆ ಈ ವಾಹನದ ಪೂರ್ತಿ ಶಕ್ತಿ ಬಳಕೆಗೇ ಬರುವುದಿಲ್ಲ.

ಮಳೆ ಪೂರ್ತಿ ನಿಲ್ಲುವ ಮೊದಲೇ ಅಡಿಕೆ ಕೊಯ್ಲು ಆರಂಭಿಸುವವರು ಮತ್ತು ಕಣಿವೆಯ ತಳದಿಂದ ಮಳೆಗಾಲದ ತರಕಾರಿ ಮೇಲೆ ತರುವವರ ಸ್ಥಿತಿ ಬೇರೆ. ಅವರಿಗೆ ಇದು ಪ್ರಯೋಜನಕರವಾಗಬಹುದು. ನೆರೆಯ ನಾಲ್ಕಾರು ಮಂದಿ ಕೂಡಿ ಒಂದನ್ನು ಇಟ್ಟುಕೊಂಡರೆ ಇನ್ನೂ ಮೇಲು.

ಖರ್ಚಿನ ಲೆಕ್ಕ

ಹರಾಜಿನ ಬೆಲೆ ಖರ್ಚಿನ ಆರಂಭ ಮಾತ್ರ. ಮೇಲೆ ಹೇಳಿದ ಜಿ.ಎಂ.ಸಿ. ಲಾರಿ ಸುಮಾರು 150 ಲೀಟರ್ ಪೆಟ್ರೋಲಿಗೆ ಸುಮಾರು 480 ಕಿ.ಮೀ. ಓಡುತ್ತಿತ್ತು. ಅಂದರೆ ಲೀಟರಿಗೆ 3 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಕೆಸರಿನಲ್ಲಿ ಕೆಳಗಿನ ಗೇರಿನ ಓಟಕ್ಕೆ ಇನ್ನೂ ಕಡಿಮೆ. ಲೀಟರಿಗೆ 2 ಕಿ.ಮೀ.ಯಂತೆ ಮಳೆಗಾಲದ 60 ದಿನ, ದಿನಕ್ಕೆ 20 ಕಿ.ಮೀ. ಓಡಿಸಿದರೆ 600 ಲೀಟರ್ ಇಂಧನ ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೂ 60,000 ರೂಪಾಯಿ ಆಯಿತು. ಇದಕ್ಕೆ ಮೂರು ಆಕ್ಸಲ್‌ಗಳ ಎಣ್ಣೆ, ಬ್ರೇಕು, ಟೈರು, ಬಿಡಿಭಾಗ ಸೇರಿಸಿ. ಅದೇ ಹಣದಲ್ಲಿ ದಾರಿಯ ಪಕ್ಕಕ್ಕೆ ಬಸಿಗಾಲುವೆ ತೋಡಿ, ಜೌಗು ಇರುವಲ್ಲಿ ಕಲ್ಲು ಹಾಸಿದರೆ ಎಷ್ಟು ದೂರ ಆಗುತ್ತದೆ ಎಂಬುದನ್ನೂ ಪಕ್ಕದಲ್ಲೇ ಬರೆದು ನೋಡಿ. ಹಾಗೆ ಸುಧಾರಿಸಿದ ದಾರಿ ಎಲ್ಲ ವಾಹನಗಳಿಗೂ ಉಪಯೋಗಕ್ಕೆ ಬರುತ್ತದೆ.

ಕೊಳ್ಳುವಾಗ ಪರೀಕ್ಷಿಸಬೇಕಾದವು

1. ಚಾಸಿಯಲ್ಲಿ ಬಿರುಕು, ತುಕ್ಕು, ಹೊಸ ಬೆಸುಗೆ ಇದೆಯೇ?

2. ಕಡಿಮೆ ಓಡಿ ಬಹುಕಾಲ ನಿಂತ ವಾಹನದಲ್ಲಿ ಎಣ್ಣೆಯ ಸೀಲುಗಳು, ರಬ್ಬರ್ ನಳಿಕೆಗಳು ಒಣಗಿರುತ್ತವೆ. ಚಕ್ರದ ಹಬ್ಬುಗಳಲ್ಲಿ ಎಣ್ಣೆ ಸೋರಿಕೆ ನೋಡಿ.

3. ಟೈರಿನ ಹಲ್ಲು ಚೆನ್ನಾಗಿದ್ದರೆ ಸಾಲದು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಎಲ್ಲ ಟೈರುಗಳೂ ಒಂದೇ ಅಳತೆಯವಾಗಿರಬೇಕು.

4. ಮುಂದಿನ ಚಕ್ರಗಳ ಚಾಲನೆಯನ್ನು ಹಾಕಿ, ತೆಗೆದು ನೋಡಿ. ಬಹುಪಾಲು ಹಳೆಯ ವಾಹನಗಳಲ್ಲಿ ಒಣಗಿದ ಡಾಂಬರು ರಸ್ತೆಯ ಮೇಲೆ ಈ ಚಾಲನೆಯನ್ನು ತೆಗೆದೇ ಓಡಿಸಬೇಕು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಕ್ರಮಿಸುವ ದೂರ ಬೇರೆಯಾಗಿದ್ದು, ಗೇರುಗಳಿಗೆ ಪೆಟ್ಟು ಬೀಳುತ್ತದೆ.

5. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಸೇನೆಯಿಂದ ಬಂದ ವಾಹನವನ್ನು ನೋಂದಾಯಿಸಲು ಸಂಬಂಧಪಟ್ಟ ಅಧಿಕಾರಿಗಳಿಂದ ಫಾರಂ 21ರಲ್ಲಿ ಮೂಲ ಮಾರಾಟ ಪತ್ರ ಬೇಕು. ಗುಜರಿಯೆಂದು ಮಾರಿದ್ದನ್ನು ರಸ್ತೆಗೆ ತರಲಾಗದು. ಹಣ ಕಟ್ಟುವ ಮೊದಲೇ ಹರಾಜಿನ ಷರತ್ತುಗಳನ್ನು ಸಾರಿಗೆ ಕಛೇರಿಯಲ್ಲಿ ತೋರಿಸಿ ವಿಚಾರಿಸಬೇಕು. ಸೇನೆಯ ಆಲಿವ್ ಹಸಿರು ಬಣ್ಣವನ್ನು ಖಾಸಗಿ ವಾಹನಕ್ಕೆ ಉಳಿಸಿಕೊಳ್ಳುವಂತಿಲ್ಲ.

ಮಣ್ಣಿನ ಬಗ್ಗೆ ಎಚ್ಚರ

ಕೆಸರಿನಲ್ಲಿ ಹೋಗಬಲ್ಲದೆಂದು ಈ ವಾಹನವನ್ನು ಗಿಡಗಳ ಸಾಲಿನೊಳಗೆ ನುಗ್ಗಿಸಬಾರದು. ಮೂರು ಆಕ್ಸಲ್‌ಗಳು ಒಂದೇ ಜಾಡಿನಲ್ಲಿ ಮೂರು ಬಾರಿ ಮಣ್ಣನ್ನು ತುಳಿಯುತ್ತವೆ. ಒದ್ದೆ ಮಣ್ಣು ಒತ್ತಿಕೊಂಡು, ಗಾಳಿ ಮತ್ತು ನೀರು ಇಳಿಯುವ ಸಂದುಗಳು ಮುಚ್ಚುತ್ತವೆ. ಕಾಫಿಯ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದು ಅಡಿ ಮಣ್ಣಿನಲ್ಲೇ ಇರುವುದರಿಂದ ಹಾನಿ ನೇರವಾಗಿ ಬೆಳೆಗೆ ತಟ್ಟುತ್ತದೆ. ವಾಹನ ಬಿಟ್ಟುಹೋದ ಜಾಡುಗಳಲ್ಲಿ ಮಳೆಯ ನೀರು ಹರಿದು ಮೇಲ್ಮಣ್ಣು ಕೊಚ್ಚಿಹೋಗುತ್ತದೆ.

ನಿಗದಿಯಾದ ಒಂದೇ ದಾರಿಯಲ್ಲಿ ಓಡಿಸಿ, ತೋಟದ ಅಂಚಿನಲ್ಲಿ ನಿಲ್ಲಿಸಿ, ಒಳಗಿನ ಹೊರೆಯನ್ನು ಕೈಗಾಡಿಯಲ್ಲಿ ತರುವುದು ಕ್ಷೇಮ. ಮೆತ್ತನೆಯ ನೆಲದಲ್ಲಿ ತಯಾರಕರು ಹೇಳಿದ ಮಿತಿಯೊಳಗೆ ಟೈರಿನ ಗಾಳಿಯನ್ನು ತಗ್ಗಿಸಬಹುದು. ರಸ್ತೆಗೆ ಬರುವ ಮುನ್ನ ಮತ್ತೆ ತುಂಬಬೇಕು.

ಕೊಳ್ಳಬೇಕೆಂಬ ಆಸೆಯುಳ್ಳ ರೈತರು ಈ ಮಳೆಗಾಲವಿಡೀ ಒಂದು ಪುಸ್ತಕ ಇಟ್ಟುಕೊಳ್ಳಲಿ. ದಾರಿ ಕೆಟ್ಟು ಹೊರೆ ನಿಂತುಹೋದ ದಿನ, ಹೊರೆಯ ತೂಕ, ಅದರಿಂದಾದ ನಷ್ಟ ಇವಿಷ್ಟನ್ನು ಆಯಾ ದಿನವೇ ಬರೆಯಲಿ. ನಷ್ಟದ ಮೊತ್ತ ವಾಹನದ ವರ್ಷದ ಖರ್ಚನ್ನು ಮೀರಿದರೆ ಕೊಳ್ಳುವ ವಿಚಾರ ಮಾಡಬಹುದು. ಮೀರದಿದ್ದರೆ ಆ ಹಣವನ್ನು ದಾರಿ ಮತ್ತು ಬಸಿಗಾಲುವೆಗೆ ತೊಡಗಿಸುವುದೇ ಲಾಭಕರ.